ಪೈಲಟ್ ತಿಮಿಂಗಿಲಗಳನ್ನು ಹಿಂಡುಹಿಂಡಾಗಿ ಕೊಂದರೆ ಅವು ಅಳಿದುಹೋಗುವುದಿಲ್ಲವೇ?

ಉತ್ತರ ಅಟ್ಲಾಂಟಿಕ್‌ನ ಫರೋ ದ್ವೀಪಗಳಲ್ಲಿ ಈ ತಿಮಿಂಗಿಲಗಳ ಬೇಟೆಯಾದಾಗ ಕಡಲು ರಕ್ತದಿಂದ ಕೆಂಪಾದ ಚಿತ್ರಗಳನ್ನು ನೋಡಿ ನೀವು ಈ ಪ್ರಶ್ನೆ ಕೇಳಿದ್ದೀರಿ. ಆ ಬೇಟೆಯೊಂದರಿಂದಲೇ ಸಂತತಿ ಅಳಿಯುವ ಸೂಚನೆ ಇಲ್ಲ. ಉತ್ತರ ಅಟ್ಲಾಂಟಿಕ್‌ನಲ್ಲಿ ಪೈಲಟ್ ತಿಮಿಂಗಿಲಗಳು ಲಕ್ಷಗಟ್ಟಲೆ ಇವೆ. ಫರೋದಲ್ಲಿ ಕೊಲ್ಲುವುದು ದೀರ್ಘಕಾಲದ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 800. ಆದರೂ ಈ ಬೇಟೆ ನಿಲ್ಲಬೇಕು ಎಂದೇ ನಾನು ಹೇಳುತ್ತೇನೆ. ಏಕೆಂದು ಹೇಳಲು ತಮಿಳುನಾಡಿನ ಒಂದು ಊರಿನಿಂದ ಆರಂಭಿಸಬೇಕು.

ನಾನು ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದಿದವನು. 2016ರ ಜನವರಿಯಲ್ಲಿ ತೂತ್ತುಕುಡಿ ಜಿಲ್ಲೆಯ ಮಣಪಾಡ್ ತೀರಕ್ಕೆ ಸುಮಾರು 80 ಪೈಲಟ್ ತಿಮಿಂಗಿಲಗಳು ಬಂದು ಬಿದ್ದ ಸುದ್ದಿ ತಿಳಿದು ಗೆಳೆಯನೊಬ್ಬನ ಜೊತೆ ಅಲ್ಲಿಗೆ ಹೋಗಿದ್ದೆ. ಬದುಕಿದ್ದ ಒಂದರ ಪಕ್ಕ ಮೊಣಕಾಲೂರಿ ಕುಳಿತು ಒದ್ದೆ ಬಟ್ಟೆ ಹೊದಿಸಿದೆ. ಬೇಯಿಸಿ ಸುಲಿದ ಮೊಟ್ಟೆಯಷ್ಟು ನುಣುಪಾದ ಕಪ್ಪು ಚರ್ಮ ಬಿಸಿಲಿಗೆ ಬಿರಿಯತೊಡಗಿತ್ತು. ನೆತ್ತಿಯ ಮೇಲಿನ ಉಸಿರುರಂಧ್ರ ತೆರೆದಾಗಲೆಲ್ಲ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಮೀನುಗಾರರು ದೋಣಿಗೆ ಹಗ್ಗ ಕಟ್ಟಿ ಕೆಲವನ್ನು ಆಳಕ್ಕೆ ಎಳೆದು ಬಿಟ್ಟರು. ಅವುಗಳಲ್ಲಿ ಹಲವು ತಿರುಗಿ ದಡಕ್ಕೇ ಬಂದವು. ನಲವತ್ತಕ್ಕೂ ಹೆಚ್ಚು ಸತ್ತವು. 1973ರಲ್ಲಿಯೂ ಇದೇ ಊರಿನ ದಡಕ್ಕೆ ಒಂದು ದೊಡ್ಡ ಹಿಂಡು ಬಂದು ಬಿದ್ದಿತ್ತು.

ಮಣಪಾಡಿನವು ಗಿಡ್ಡ ಈಜುರೆಕ್ಕೆಯ ಜಾತಿ, ಫರೋ ಕಡಲಿನವು ಉದ್ದ ಈಜುರೆಕ್ಕೆಯವು. ತಮ್ಮವರನ್ನು ಬಿಟ್ಟುಹೋಗದ ಸ್ವಭಾವ ಎರಡಕ್ಕೂ ಒಂದೇ. ಉದ್ದ ರೆಕ್ಕೆಯವುಗಳ ಹಿಂಡು ನಮ್ಮ ಕರಾವಳಿಯ ಅಳಿಯಸಂತಾನದ ಮನೆಗಳನ್ನು ನೆನಪಿಸುತ್ತದೆ: ಹೆಣ್ಣುಮಕ್ಕಳಂತೆ ಗಂಡುಮಕ್ಕಳೂ ತಾಯಿಯ ಮನೆಯಲ್ಲೇ ಉಳಿಯುತ್ತಾರೆ, ಸಂಗಾತಿಯನ್ನು ಮಾತ್ರ ಬೇರೆ ಹಿಂಡಿನಲ್ಲಿ ಹುಡುಕುತ್ತಾರೆ. ಹೆಣ್ಣುಗಳು ಐವತ್ತು ಅರವತ್ತು ವರ್ಷ ಬದುಕಬಲ್ಲವು.

ಫರೋದ ಬೇಟೆ, ಅಂದರೆ ಗ್ರಿಂಡಡ್ರಾಪ್, ನಿಂತಿರುವುದೇ ಈ ಸ್ವಭಾವದ ಮೇಲೆ. ಹಿಂಡು ಕಣ್ಣಿಗೆ ಬಿದ್ದೊಡನೆ ಊರಿಗೆಲ್ಲ ಸುದ್ದಿ ಹೋಗುತ್ತದೆ. ದೋಣಿಗಳು ಅರ್ಧಚಂದ್ರಾಕಾರದಲ್ಲಿ ಹಿಂದೆ ನಿಂತು, ಹಗ್ಗಕ್ಕೆ ಕಟ್ಟಿದ ಕಲ್ಲುಗಳನ್ನು ನೀರಿಗೆಸೆದು, ಹಿಂಡನ್ನು ಕೊಲ್ಲಿಯೊಳಕ್ಕೆ ಅಟ್ಟುತ್ತವೆ. ದಡದಲ್ಲಿ ಕಾದವರು ಉಸಿರುರಂಧ್ರಕ್ಕೆ ಮೊಂಡು ಕೊಕ್ಕೆ ಸಿಕ್ಕಿಸಿ ಎಳೆದು, ವಿಶೇಷ ಈಟಿಯಿಂದ ಬೆನ್ನುಹುರಿ ಕತ್ತರಿಸುತ್ತಾರೆ. ಈಟಿ ಹಿಡಿಯುವವರಿಗೆ 2015ರಿಂದ ತರಬೇತಿ ಕಡ್ಡಾಯ; ಒಂದೊಂದು ಪ್ರಾಣಿಯ ಸಾವು ಬೇಗ ಆಗಲಿ ಎಂದೇ ಈ ನಿಯಮ. ಆದರೆ ಸಾಮಾನ್ಯವಾಗಿ ಸಾಯುವುದು ಹಿಂಡಿಗೆ ಹಿಂಡೇ. ಅಜ್ಜಿ, ತಾಯಿ, ಬಸುರಿ, ಮರಿ ಎಂದು ಆರಿಸುವುದಿಲ್ಲ. ಒಂದು ಮಧ್ಯಾಹ್ನದಲ್ಲಿ ಇಡೀ ವಂಶ ಮುಗಿಯುತ್ತದೆ. ಲಕ್ಷಗಟ್ಟಲೆ ಉಳಿದಿವೆ ಎಂಬ ಲೆಕ್ಕ ಈ ನಷ್ಟವನ್ನು ತೋರಿಸುವುದಿಲ್ಲ. 2021ರ ಸೆಪ್ಟೆಂಬರ್ 12ರಂದು ಅಲ್ಲಿ ಒಂದೇ ದಿನ 1,400ಕ್ಕೂ ಹೆಚ್ಚು ಬಿಳಿಪಕ್ಕೆಯ ಡಾಲ್ಫಿನ್‌ಗಳನ್ನು ಕೊಂದಾಗ ಬೇಟೆಯನ್ನು ಬೆಂಬಲಿಸುತ್ತಿದ್ದ ಸ್ಥಳೀಯರಲ್ಲೂ ಹಲವರು ನೊಂದುಕೊಂಡರು.

ಫರೋ ಜನರನ್ನು ಕಟುಕರೆಂದು ಬೈಯುವುದನ್ನು ಮಾತ್ರ ನಾನು ಒಪ್ಪಲಾರೆ. ಬೆಳೆ ಸರಿಯಾಗಿ ಬಾರದ ಆ ಬಂಡೆನೆಲದಲ್ಲಿ ಈ ಮಾಂಸ ಶತಮಾನಗಳ ಕಾಲ ಜೀವ ಉಳಿಸಿದೆ. 1584ರಷ್ಟು ಹಿಂದಿನ ಬೇಟೆಯ ದಾಖಲೆಗಳಿವೆ. ಇಂದಿಗೂ ಮಾಂಸವನ್ನು ಊರವರಿಗೆ ಬಹುಪಾಲು ಪುಕ್ಕಟೆಯಾಗಿಯೇ ಹಂಚುತ್ತಾರೆ.

ಬೇಟೆಗೆ ವಿರುದ್ಧವಾದ ಅತ್ಯಂತ ಗಟ್ಟಿ ಮಾತು ಬಂದದ್ದೂ ಆ ಜನರೊಳಗಿನಿಂದಲೇ. 1986–87ರಲ್ಲಿ ಅಲ್ಲಿ ಹುಟ್ಟಿದ ಸಾವಿರದಷ್ಟು ಮಕ್ಕಳನ್ನು ವೈದ್ಯ ಪಾಲ್ ವೈಹೆ ಮತ್ತು ಸಂಗಡಿಗರು ವರ್ಷಗಟ್ಟಲೆ ಪರೀಕ್ಷಿಸಿದರು. ಬಸುರಿನಲ್ಲಿ ತಾಯಿ ತಿಂದ ತಿಮಿಂಗಿಲದ ಮಾಂಸದ ಪಾದರಸ ಮಗುವಿಗೆ ದಾಟಿತ್ತು. ಅದು ಹೆಚ್ಚಿದ್ದ ಮಕ್ಕಳು ಏಳನೆಯ ವಯಸ್ಸಿಗೆ ಮಾತು, ಗಮನ, ನೆನಪಿನ ಪರೀಕ್ಷೆಗಳಲ್ಲಿ ಹಿಂದುಳಿದಿದ್ದರು. 2008ರಲ್ಲಿ ವೈಹೆ ಮತ್ತು ದ್ವೀಪಗಳ ಮುಖ್ಯ ವೈದ್ಯಾಧಿಕಾರಿ ಇಬ್ಬರೂ ಸೇರಿ, ಪೈಲಟ್ ತಿಮಿಂಗಿಲವನ್ನು ಇನ್ನು ಮುಂದೆ ಆಹಾರವಾಗಿ ಬಳಸಬಾರದು ಎಂದು ಶಿಫಾರಸು ಮಾಡಿದರು. ಸರ್ಕಾರ ಅಷ್ಟು ದೂರ ಹೋಗಲಿಲ್ಲ. ತಿಂಗಳಿಗೆ ಒಂದು ಊಟಕ್ಕಿಂತ ಹೆಚ್ಚು ಬೇಡ, ಬಸುರಿಯರು ತಿನ್ನಲೇಬಾರದು ಎಂಬ ಸಲಹೆ ಬಂತು.

ಅದೇ ವಿಷ ತಿಮಿಂಗಿಲದ ಹೊಟ್ಟೆಯ ಮರಿಗೂ ದಾಟುತ್ತದೆ. ಆ ಪಾದರಸ ಫರೋದಲ್ಲಿ ಹುಟ್ಟಿದ್ದಲ್ಲ. ಲೋಕದ ನಾನಾ ಕಡೆ ಸುಡುವ ಕಲ್ಲಿದ್ದಲಿನ ಹೊಗೆಯ ಜೊತೆ ಏರಿ, ಗಾಳಿಯಲ್ಲಿ ಅಲೆದು, ಕಡಲಿಗೆ ಇಳಿಯುತ್ತದೆ. ನಮ್ಮ ರಾಯಚೂರಿನ ವಿದ್ಯುತ್ ಸ್ಥಾವರದಲ್ಲಿ ಸುಡುವುದೂ ಕಲ್ಲಿದ್ದಲೇ.