ಖಾಲಿ ಜಾಗದ ತೋಟಕ್ಕೆ ಮೊದಲು ಸೆಣಬು ಬಿತ್ತಿ

ಬಡಾವಣೆಯ ಖಾಲಿ ಜಾಗದಲ್ಲಿ ಎಲ್ಲರೂ ಸೇರಿ ತೋಟ ಮಾಡೋಕೆ ಕೆಂಪು ಮಣ್ಣಿನ ಲೋಡ್ ಹೊಡೆಸಬೇಕಾ ಅಂತ ಕೇಳಿದ್ದೀರಿ. ಬೇಡ, ಸುಮ್ನೆ ದುಡ್ಡು ದಂಡ; ಇರೋ ಮಣ್ಣನ್ನೇ ಹದ ಮಾಡ್ಕೋಬಹುದು. ಗಾಜು, ಇಟ್ಟಿಗೆ ಚೂರು ಆರಿಸಿ ತೆಗೆಯಿರಿ. ಮುಂಗಾರು ಶುರುವಾದ ಕೂಡಲೇ ಸೆಣಬು (ಗೋಣಿಚೀಲದ ಸೆಣಬಲ್ಲ, ಹಸಿರು ಗೊಬ್ಬರಕ್ಕೆ ಬೆಳೆಯೋದು), ಅಲಸಂದೆ, ಹುರುಳಿ ಬೆರೆಸಿ ಒತ್ತಾಗಿ ಎರಚಿ. ಇವುಗಳ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಸುಮಾರು 45 ದಿನಕ್ಕೆ, ಸೆಣಬು ಹೂ ಬಿಡುವ ಹೊತ್ತಿಗೆ, ಬುಡಕ್ಕೆ ಕೊಯ್ದು ಅಲ್ಲೇ ಹಾಸಿ. ಬೇರು ಕೀಳಬೇಡಿ. ಮೇಲೆ ಬೀದಿಯಲ್ಲಿ ಗುಡಿಸಿದ ಹೊಂಗೆ ಎಲೆ ಸುರಿಯಿರಿ (ಅದಕ್ಕೆ ಬೆಂಕಿ ಹಚ್ಚುವವರನ್ನು ಕಂಡರೆ ನನಗೂ ಉರಿಯುತ್ತೆ). ಕೆದಕಿದಾಗ ಎರೆಹುಳು ಕಂಡರೆ ಬದನೆ, ಬಸಳೆ, ನುಗ್ಗೆ ನೆಡಿ. ಅಂಚಿಗೆ ತುಳಸಿ ಇರಲಿ, ಜೇನು ಬರುತ್ತೆ. ಜಾಗದವರಿಂದ ಒಪ್ಪಿಗೆ ಬರವಣಿಗೆಯಲ್ಲೇ ತಗೊಳ್ಳಿ. ನೀರು ಹಾಕುವ ಪಾಳಿಯನ್ನೂ ಈಗಲೇ ಹಂಚಿಬಿಡಿ, ಜಗಳ ಜಾಸ್ತಿ ಆಗೋದು ಅಲ್ಲೇ.