ಚಾರ್ಜಿಂಗ್ ಕೇಬಲ್ ಡಿಕ್ಕಿಯಲ್ಲಿ ಇರಬೇಕಾ, ಬೇಡವಾ?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ಹೊಸದಾಗಿ ಎಲೆಕ್ಟ್ರಿಕ್ ಕಾರು ತಗೊಂಡಿದ್ದೇವೆ, 30 ಯೂನಿಟ್ ಬ್ಯಾಟರಿಯದು. ಮನೆಯ ಗೋಡೆಗೆ ಚಾರ್ಜರ್ ಹಾಕಿಸಿಕೊಂಡಿದ್ದೇವೆ. ಕಾರಿನ ಜೊತೆ ಬಂದ ಮೂರು ಪಿನ್ನಿನ ಕೇಬಲ್ ಇನ್ನೂ ಹಾಗೇ ಇದೆ, ಬಳಸಿಲ್ಲ. ದೀಪಾವಳಿಗೆ ತೀರ್ಥಹಳ್ಳಿ ಹತ್ತಿರದ ಅತ್ತೆ ಮನೆಗೆ ನಾಲ್ಕು ದಿನ ಹೋಗುತ್ತಿದ್ದೇವೆ. ದಾರಿಯುದ್ದಕ್ಕೂ ಫಾಸ್ಟ್ ಚಾರ್ಜರ್ ಇವೆ, ಕೇಬಲ್ ಸುಮ್ನೆ ಜಾಗ ತಿನ್ನುತ್ತೆ ಅನ್ನುತ್ತಾರೆ ನಮ್ಮ ಯಜಮಾನರು. ಏನು ಮಾಡೋಣ?

ಉತ್ತರ: ತಗೊಂಡು ಹೋಗಿ ಮೇಡಂ. ಬಟ್ಟೆ ಬ್ಯಾಗ್ ಒಂದು ಕಡಿಮೆಯಾದರೂ ಪರವಾಗಿಲ್ಲ.

ದಾರಿಯ ಮಟ್ಟಿಗೆ ಯಜಮಾನರ ಮಾತು ಸರಿ. ಹೆದ್ದಾರಿಯ ಡಿಸಿ ಫಾಸ್ಟ್ ಚಾರ್ಜರ್‌ಗಳಿಗೆ ದಪ್ಪ ಕೇಬಲ್ ಅಲ್ಲೇ ಜೋಡಿಸಿರುತ್ತಾರೆ, ನಿಮ್ಮ ಕೇಬಲ್ಲಿಗೆ ಅಲ್ಲಿ ಕೆಲಸವೇ ಇಲ್ಲ. ಆದರೆ ಅದು ಬೇಕಾಗುವುದು ದಾರಿಯಲ್ಲಿ ಅಲ್ಲ, ಊರು ಮುಟ್ಟಿದ ಮೇಲೆ. ಕಾರು ರಾತ್ರಿಯಿಡೀ ಎಲ್ಲಿ ನಿಂತಿರುತ್ತೆ ಅಂತ ಯೋಚಿಸಿ. ನಿಮ್ಮ ಮನೆಯಲ್ಲೇ ನಿಲ್ಲುವುದಾದರೆ ಕೇಬಲ್ ಬೇಡ, ಬೇರೆ ಯಾರ ಮನೆ ಮುಂದೆಯಾದರೂ ನಿಲ್ಲುವುದಾದರೆ ಬೇಕು. ನಾನು ಇಷ್ಟನ್ನೇ ನೋಡುವುದು.

ಲೆಕ್ಕ ಹಾಕಿ ನೋಡಿ. ಗೀಸರ್‌ಗೆ ಹಾಕ್ತೀವಲ್ಲ, ಆ ದೊಡ್ಡ ಪವರ್ ಪ್ಲಗ್ಗಿನಿಂದ 15 ಆಂಪ್ ಎಳೆದರೆ ಗಂಟೆಗೆ ಸುಮಾರು 3.3 ಯೂನಿಟ್. ರಾತ್ರಿ ಊಟ ಮುಗಿಸಿ ಹಾಕಿದರೆ ಬೆಳಗಿನ ಹೊತ್ತಿಗೆ 9 ಗಂಟೆಯಲ್ಲಿ ಹತ್ತಿರ ಹತ್ತಿರ 30 ಯೂನಿಟ್ ಎಳೆದಿರುತ್ತೆ. ಪ್ಲಗ್ಗಿನಿಂದ ಬ್ಯಾಟರಿ ಮುಟ್ಟುವಷ್ಟರಲ್ಲಿ ಒಂದಿಷ್ಟು ಬಿಸಿಯಾಗಿ ವ್ಯರ್ಥವಾದರೂ 26 ಯೂನಿಟ್ ಆಸುಪಾಸು ಬ್ಯಾಟರಿಗೆ ಸೇರುತ್ತೆ. ಅಂದರೆ ನಿಮ್ಮ ಕಾರು ಬಹುತೇಕ ತುಂಬಿತು. ನಾಲ್ಕು ದಿನದಲ್ಲಿ ಆಗುಂಬೆ, ಕುಪ್ಪಳಿ, ಕವಲೇದುರ್ಗ ಅಂತ ಸುತ್ತದೇ ಇರ್ತೀರಾ? ಕೇಬಲ್ ಇಲ್ಲದಿದ್ದರೆ ಪ್ರತಿ ಸಲ ಚಾರ್ಜರ್ ಇರುವ ಕಡೆಗೆ ಓಡಬೇಕು, ಅಲ್ಲಿ ಹಬ್ಬದ ಕ್ಯೂ ಇರುತ್ತೆ, ಇಲ್ಲವೇ ಇರುವ ಒಂದು ಮಷೀನು ಆಫ್‌ಲೈನ್ ಅಂತ ತೋರಿಸುತ್ತಿರುತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಕೇಬಲ್ ಒಯ್ದ ಮಾತ್ರಕ್ಕೆ ಚಾರ್ಜ್ ಆಗುತ್ತೆ ಅಂತಿಲ್ಲ. ಹಳೇ ಮನೆಗಳಲ್ಲಿ ಸಾಕೆಟ್ಟಿನ ಮೂರನೇ ತೂತಿಗೆ ಅರ್ಥ್ ವೈರ್ ಎಳೆದೇ ಇರುವುದಿಲ್ಲ, ಎಳೆದಿದ್ದರೂ ಹೊರಗಡೆ ಎಲ್ಲೋ ತುಂಡಾಗಿರುತ್ತೆ. ಫ್ಯಾನು, ಟಿವಿ, ಮಿಕ್ಸಿ ಅದರಲ್ಲೇ ವರ್ಷಗಟ್ಟಲೆ ನಡೆದುಬಿಡುತ್ತವೆ, ಯಾರಿಗೂ ಗೊತ್ತಾಗಲ್ಲ. ಆದರೆ ನಿಮ್ಮ ಕೇಬಲ್ಲಿನ ಮಧ್ಯೆ ಇರುವ ಆ ಡಬ್ಬ ಮೊದಲು ಅರ್ಥಿಂಗ್ ಇದೆಯಾ ಅಂತ ನೋಡುತ್ತೆ. ಇಲ್ಲದಿದ್ದರೆ ಕೆಂಪು ದೀಪ ಹಾಕಿ ಸುಮ್ಮನೆ ಕೂರುತ್ತೆ. ಆಗ ಯಾರಾದರೂ ಬಂದು ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ತುಂಡು ವೈರ್ ಕೊಟ್ಟರೆ ಆಯ್ತು, ಇಲ್ಲವೇ ಅದಕ್ಕೊಂದು ಅಡಾಪ್ಟರ್ ಸಿಗುತ್ತೆ ಅಂತ ಹೇಳಬಹುದು. ದಯವಿಟ್ಟು ಒಪ್ಪಬೇಡಿ. ಹಾಗೆ ಮಾಡಿದಾಗ ಕೆಂಪು ದೀಪವೇನೋ ಹೋಗುತ್ತೆ, ಆದರೆ ಎಲ್ಲೋ ನ್ಯೂಟ್ರಲ್ ಕಟ್ ಆದ ಕ್ಷಣ ಕಾರಿನ ಇಡೀ ಬಾಡಿಗೆ ಕರೆಂಟ್ ಬರಬಹುದು, ಒದ್ದೆ ಅಂಗಳದಲ್ಲಿ ನಿಂತ ಮಗು ಬಾಗಿಲು ಮುಟ್ಟಿದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಹೊರಡುವ ಮೊದಲೇ ಮಾವನವರಿಗೆ ಫೋನ್ ಮಾಡಿ. ಕಾರು ನಿಲ್ಲಿಸುವ ಜಾಗಕ್ಕೆ ಹತ್ತಿರ ಪವರ್ ಪ್ಲಗ್ ಇದೆಯಾ, ರಾತ್ರಿ ವೋಲ್ಟೇಜ್ ಹೇಗಿರುತ್ತೆ ಅಂತ ಕೇಳಿ. ಊರಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅರ್ಥಿಂಗ್ ನೋಡಿಸಿ, ಬೇಕಾದರೆ ಹೊಸದಾಗಿ ಹಾಕಿಸಿ, 4 ಎಂಎಂ ವೈರ್ ಎಳೆಸಿ ಹೊರಗೊಂದು 16 ಆಂಪ್ ಸಾಕೆಟ್ಟು, ಅದಕ್ಕೆ ಬೇರೆಯೇ ಎಂಸಿಬಿ ಕೊಡಿಸಿ. ಖರ್ಚು ನೀವೇ ಕೊಡಿ. ಅದು ನಿಮ್ಮ ಕಾರಿಗೆ ಮಾತ್ರ ಅಲ್ಲ, ಆ ಮನೆಯ ಗೀಸರ್ ಮುಟ್ಟುವ ವಯಸ್ಸಾದವರಿಗೂ ಆಗುವ ಉಪಕಾರ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಬೇಡ. ಗಂಟೆಗಟ್ಟಲೆ 15 ಆಂಪ್ ಹರಿದರೆ ಆ ತೆಳು ವೈರ್ ಕರಗುತ್ತೆ, ಅದರಲ್ಲೂ ಸುತ್ತಿಟ್ಟ ವೈರ್ ಇನ್ನೂ ಬೇಗ ಬಿಸಿಯಾಗುತ್ತೆ.

ಇನ್ನೊಂದು ಮಾತು, ಇದನ್ನ ಯಾರೂ ಹೇಳಲ್ಲ. ಆ ಮನೆಗೆ ಗೃಹಜ್ಯೋತಿ ಇರಬಹುದು. ಉಚಿತ ಕರೆಂಟಿಗೆ ಆ ಮನೆಯ ಹಿಂದಿನ ಸರಾಸರಿ ಬಳಕೆ ನೋಡಿ ಮಿತಿ ಹಾಕಿರುತ್ತಾರೆ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನೀವು ಮೂರು ರಾತ್ರಿ ಚಾರ್ಜ್ ಮಾಡಿದರೆ 90 ಯೂನಿಟ್ ಹೋಯ್ತು. ದುಡ್ಡು ಕೊಟ್ಟರೆ ಅತ್ತೆಯವರು ಬೇಡ ಅಂತಾರೆ, ಗೊತ್ತು. ಆ ತಿಂಗಳ ಮೆಸ್ಕಾಂ ಬಿಲ್ ಬಂದಾಗ ನೀವೇ ಫೋನಿನಲ್ಲಿ ಕಟ್ಟಿಬಿಡಿ.

ಪ್ರಶ್ನೆ: ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದಿದ್ದೇನೆ, ಮೂಲತಃ ದಾವಣಗೆರೆ. ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳುತ್ತಿದ್ದೇನೆ. ಮಾರುವವರು ಗೋಡೆ ಪ್ಲಗ್ಗಿನ ಕೇಬಲ್ ಮಾತ್ರ ಕೊಡುತ್ತಾರಂತೆ. ಸಾಕಾ?

ಉತ್ತರ: ಸಾಕಾಗಲ್ಲ ಸರ್. ಅಲ್ಲಿ ಬೀದಿ ಬದಿಯ ಎಸಿ, ಅಂದರೆ ನಿಧಾನ ಚಾರ್ಜಿಂಗ್ ಕಂಬಗಳಲ್ಲಿ ಹೆಚ್ಚಿನವಕ್ಕೆ ಸಾಕೆಟ್ ಮಾತ್ರ ಇರುತ್ತೆ, ಕೇಬಲ್ ನಾವೇ ಒಯ್ಯಬೇಕು. ಎರಡೂ ತುದಿಗೆ ಟೈಪ್ 2, ಅಂದರೆ ಯುರೋಪಿನಲ್ಲಿ ಎಸಿ ಚಾರ್ಜಿಂಗ್‌ಗೆ ಬಳಸುವ ಪ್ಲಗ್, ಇರುವ ಕೇಬಲ್ ಅದು. ಅಪಾರ್ಟ್‌ಮೆಂಟ್‌ನಲ್ಲಿ ಸ್ವಂತ ಪಾರ್ಕಿಂಗ್ ಇಲ್ಲದವರಿಗೆ ಅದೇ ದಿನನಿತ್ಯದ ಆಧಾರ, ಯಾವಾಗಲೂ ಡಿಕ್ಕಿಯಲ್ಲಿ ಇರಲಿ. ಕೊಳ್ಳುವಾಗ ಮೂರು ಫೇಸಿನದೇ ಕೇಳಿ. ಕಾರು 11 ಕಿಲೋವ್ಯಾಟ್ ಎಸಿ ತಗೊಳ್ಳುವಂಥದ್ದಾಗಿದ್ದು ಕೇಬಲ್ ಮಾತ್ರ ಒಂದೇ ಫೇಸಿನದ್ದಾದರೆ, 16 ಆಂಪಿನಲ್ಲಿ 3.7 ಕಿಲೋವ್ಯಾಟ್ ಅಷ್ಟೇ ಸಿಗುತ್ತೆ. ಕದ್ದುಕೊಂಡು ಹೋಗ್ತಾರೆ ಅಂತ ಹೆದರಬೇಡಿ, ಚಾರ್ಜ್ ಆಗುವಾಗ ಎರಡೂ ಕಡೆ ಲಾಕ್ ಆಗಿರುತ್ತೆ. ಊರಿಂದ ಯಾರಾದರೂ ಬರುವಾಗ ಮೂರು ಪಿನ್ನಿನ ಕೇಬಲ್ ತರಿಸಬೇಡಿ, ಅಲ್ಲಿನ ಗೋಡೆಗೆ ಅದರ ಪಿನ್ ಕೂರಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ದಿನಾ ಊರೊಳಗೇ ಓಡಾಟ. ಇರುವ ಒಂದೇ ಕೇಬಲ್ಲನ್ನು ಬೆಳಗ್ಗೆ ಕಿತ್ತು ಕಾರಿಗೆ ಹಾಕಿಕೊಂಡು, ಸಂಜೆ ಮತ್ತೆ ಸಿಕ್ಕಿಸುತ್ತೇನೆ. ಈಚೆಗೆ ಪ್ಲಗ್ ಕೈ ಇಡಲಾಗದಷ್ಟು ಬಿಸಿಯಾಗುತ್ತಿದೆ. ಕೇಬಲ್ ಕೆಟ್ಟಿದೆಯಾ?

ಉತ್ತರ: ಕೇಬಲ್ಲಿಗಿಂತ ಜಾಸ್ತಿ ಅನುಮಾನ ನನಗೆ ಸಾಕೆಟ್ ಮೇಲೆ. ದಿನಾ ಕಿತ್ತು ಹಾಕಿ ಒಳಗಿನ ಹಿತ್ತಾಳೆ ಸಡಿಲವಾಗಿರುತ್ತೆ, ಸಡಿಲವಾದ ಜಾಗದಲ್ಲೇ ಬಿಸಿ ಹುಟ್ಟುತ್ತೆ. ಡಬ್ಬದ ಭಾರ ಪ್ಲಗ್ಗಿನ ಮೇಲೆ ಜೋತುಬಿದ್ದಿದ್ದರೆ ಇನ್ನೂ ಬೇಗ ಸಡಿಲವಾಗುತ್ತೆ, ಗೋಡೆಗೊಂದು ಕೊಕ್ಕೆ ಹೊಡೆದು ಡಬ್ಬ ಅದಕ್ಕೆ ನೇತುಹಾಕಿ. ಊರೊಳಗಿನ ಓಡಾಟಕ್ಕೆ ಕೇಬಲ್ ಒಯ್ಯುವ ಅಗತ್ಯವೇ ಇಲ್ಲ, ಮನೆಯಲ್ಲೇ ಬಿಡಿ. ಇವತ್ತು ರಾತ್ರಿ ಚಾರ್ಜ್‌ಗೆ ಹಾಕಬೇಡಿ. ಮೊದಲು ಒಳ್ಳೆ ಗುಣಮಟ್ಟದ ಹೊಸ 16 ಆಂಪ್ ಸಾಕೆಟ್ ಹಾಕಿಸಿ, ಹಿಂದಿನ ಸ್ಕ್ರೂಗಳನ್ನು ಬಿಗಿ ಮಾಡಿಸಿ. ಪಿನ್ನುಗಳು ಕಪ್ಪಾಗಿದ್ದರೆ ಅಥವಾ ಪ್ಲಾಸ್ಟಿಕ್ ಕಂದಿದ್ದರೆ ಕೇಬಲ್ಲನ್ನೂ ಸರ್ವೀಸ್ ಸೆಂಟರ್‌ಗೆ ತೋರಿಸಿ. ನಿಮ್ಮ ಕಾರಿನಲ್ಲೋ ಡಬ್ಬದಲ್ಲೋ ಆಂಪ್ ಇಳಿಸುವ ಸೆಟ್ಟಿಂಗ್ ಇದ್ದರೆ 10ಕ್ಕೆ ಇಳಿಸಿ. ಊರೊಳಗಿನ ಓಡಾಟಕ್ಕೆ ಬೇಕಾದಷ್ಟು ಚಾರ್ಜ್ ಅದರಲ್ಲೂ ಒಂದೇ ರಾತ್ರಿಯಲ್ಲಿ ಆಗುತ್ತೆ.