ಅಡಿಕೆ ಮಾರಿದ ಚೀಟಿಯೂ ತೆರಿಗೆ ಫೈಲಿನಲ್ಲಿರಲಿ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 66. ಪಿಂಚಣಿ ವರ್ಷಕ್ಕೆ 5.40 ಲಕ್ಷ. ಎರಡು ಬ್ಯಾಂಕು ಮತ್ತು ಊರಿನ ಸಹಕಾರಿ ಸಂಘದಲ್ಲಿಟ್ಟ ಠೇವಣಿಗಳಿಂದ 3.10 ಲಕ್ಷ ಬಡ್ಡಿ ಬರುತ್ತದೆ. ಅಡಿಕೆ ತೋಟದಲ್ಲಿ ಖರ್ಚು ಕಳೆದು 4 ಲಕ್ಷ ಉಳಿಯುತ್ತದೆ. ಬ್ಯಾಂಕಿಗೆ 15ಎಚ್ ಫಾರ್ಮ್ ಕೊಟ್ಟಿದ್ದೇನೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ, ಅದನ್ನೂ ತೋರಿಸಬೇಕೇ? ಯಾವೆಲ್ಲ ದಾಖಲೆ ತೆಗೆದಿಡಬೇಕು?
– ಓದುಗರು, ಕಾರ್ಕಳ

ಉತ್ತರ: ತೋರಿಸಲೇಬೇಕು. ಕೃಷಿ ಆದಾಯ 5,000 ರೂ. ದಾಟಿದ ಮೇಲೆ ಐಟಿಆರ್-1 ಎಂಬ ಸರಳ ರಿಟರ್ನ್ ಫಾರ್ಮ್ ನಡೆಯುವುದಿಲ್ಲ, ನಿಮ್ಮದು ಐಟಿಆರ್-2. ಅದಕ್ಕೆ ತೆರಿಗೆ ಇಲ್ಲದಿದ್ದರೂ ಉಳಿದ ಆದಾಯದ ದರ ಲೆಕ್ಕ ಹಾಕುವಾಗ ಅದನ್ನು ಸೇರಿಸಿಕೊಳ್ಳುತ್ತಾರೆ. 2025-26ರ ಹೊಸ ಪದ್ಧತಿಯಲ್ಲಿ ನಿಮ್ಮ ಲೆಕ್ಕ ಹೀಗಾಗುತ್ತದೆ: ಪಿಂಚಣಿಯಲ್ಲಿ 75,000 ಕಳೆದು ಬಡ್ಡಿ ಕೂಡಿಸಿದರೆ 7.75 ಲಕ್ಷ. ಕೃಷಿಯ 4 ಲಕ್ಷ ಸೇರಿ 11.75 ಲಕ್ಷಕ್ಕೆ ತೆರಿಗೆ 57,500. ಕೃಷಿ ಆದಾಯಕ್ಕೆ ವಿನಾಯಿತಿ ಮಿತಿಯ 4 ಲಕ್ಷ ಸೇರಿಸಿದ 8 ಲಕ್ಷದ ತೆರಿಗೆ 20,000. ವ್ಯತ್ಯಾಸ 37,500. ಕೃಷಿ ಬಿಟ್ಟು ಒಟ್ಟು ಆದಾಯ (7.75 ಲಕ್ಷ) 12 ಲಕ್ಷದೊಳಗಿರುವುದರಿಂದ ತೆರಿಗೆ ಕಾಯ್ದೆಯ 87ಎ ಸೆಕ್ಷನ್ನಿನ ರಿಯಾಯಿತಿಯಲ್ಲಿ ಅದೂ ಹೋಗಿ ತೆರಿಗೆ ಸೊನ್ನೆ. ಸೊನ್ನೆ ಎಂದು ರಿಟರ್ನ್ ಬಿಡಬೇಡಿ.

15ಎಚ್ ಕೊಟ್ಟರೆ ಬ್ಯಾಂಕು ಟಿಡಿಎಸ್ (ಬಡ್ಡಿಯಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ, ಅಷ್ಟೇ. ಬಡ್ಡಿ ನಿಮ್ಮ ಆದಾಯವೇ. ನಮ್ಮ ಕಡೆ ಹೆಚ್ಚಿನವರು ಎಡವುವುದು ಸಂಘದ ಬಡ್ಡಿಯಲ್ಲಿ. ಅಲ್ಲಿ ಟಿಡಿಎಸ್ ಆಗದೆಯೂ ಇರಬಹುದು, ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ ನಿಮ್ಮ ವರ್ಷದ ಆದಾಯ-ವಹಿವಾಟು ತೋರಿಸುವ ಎಐಎಸ್‌ನಲ್ಲಿ ಕಾಣದೆಯೂ ಇರಬಹುದು. ಹಾಗೆಂದು ಅದು ತೆರಿಗೆಯ ಲೆಕ್ಕದಿಂದ ಹೊರಗಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಬಡ್ಡಿಯ ಪ್ರಮಾಣಪತ್ರವನ್ನು ಸಂಘದಿಂದ ಮೊಹರು ಸಹಿತ ಕೇಳಿ ಪಡೆಯಿರಿ. ಬ್ಯಾಂಕಿನಿಂದಲೂ ಇದನ್ನೇ ಪಡೆಯಿರಿ. ಪಾಸ್‌ಬುಕ್ ನೋಡಿ ಕೂಡಿಸಿದರೆ ಅವಧಿ ಮುಗಿದಾಗ ಕೊಡುವ ಠೇವಣಿಯ ಬಡ್ಡಿ ತಪ್ಪಿಹೋಗುತ್ತದೆ. ಮೂರು ವರ್ಷದ ಠೇವಣಿಗೆ ಬ್ಯಾಂಕು ವರ್ಷವರ್ಷವೂ ಬಡ್ಡಿ ಲೆಕ್ಕ ಹಾಕಿ ಇಲಾಖೆಗೆ ತಿಳಿಸುತ್ತದೆ. ನೀವು ಕೊನೆಯಲ್ಲಿ ಒಟ್ಟಿಗೆ ತೋರಿಸಿದರೆ ಹಿಂದಿನ ವರ್ಷಗಳ ಎಐಎಸ್‌ಗೆ ತಾಳೆಯಾಗದೆ ನೋಟಿಸ್ ಬರಬಹುದು.

ತೋಟಕ್ಕೊಂದು ಪ್ರತ್ಯೇಕ ನೋಟ್‌ಬುಕ್ ಇರಲಿ. ಎಡಪುಟದಲ್ಲಿ ಮಾರಾಟ: ತಾರೀಕು, ಚಾಲಿಯೋ ಪಟೋರವೋ (ಅಡಿಕೆಯ ವಿಧ), ಕಿಲೋ, ದರ, ಬಿಲ್ ನಂಬರ್. ಬಲಪುಟದಲ್ಲಿ ಖರ್ಚು: ಮೈಲುತುತ್ತು, ಸುಣ್ಣ, ಮದ್ದು ಬಿಟ್ಟವರ ಮತ್ತು ಕೊನೆ ತೆಗೆದವರ ಮಜೂರಿ, ಸುಲಿದ ಕೂಲಿ, ಗೊಬ್ಬರ. ಕೂಲಿಗೆ ಬಿಲ್ ಇರುವುದಿಲ್ಲ, ಆದ್ದರಿಂದ ಅಂದಂದೇ ಬರೆದು ಸಹಿ ಹಾಕಿಸಿಕೊಳ್ಳಿ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು; ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಬಿಲ್ಲುಗಳ ಜತೆ ಪಹಣಿಯ ಪ್ರತಿಯೂ ಇರಲಿ. ನಿವ್ವಳ ಆದಾಯ 5 ಲಕ್ಷ ದಾಟಿದ ವರ್ಷ ಜಮೀನಿನ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತವೋ ಗೇಣಿಯೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೆಲ್ಲ ಫಾರ್ಮಿನಲ್ಲಿ ತುಂಬಬೇಕು.

ಏಪ್ರಿಲ್‌ನಲ್ಲೇ ಅವಸರ ಬೇಡ. ಕೊನೆಯ ತ್ರೈಮಾಸಿಕದ ಟಿಡಿಎಸ್ ವಿವರ ಸಲ್ಲಿಸಲು ಬ್ಯಾಂಕುಗಳಿಗೆ ಮೇ 31ರವರೆಗೆ ಸಮಯವಿದೆ. ಜೂನ್ 15ರ ನಂತರ ಎಐಎಸ್, 26ಎಎಸ್ (ಟಿಡಿಎಸ್ ಪಟ್ಟಿ) ಇಳಿಸಿಕೊಂಡು ಪ್ರಮಾಣಪತ್ರಗಳ ಜತೆ ಸಾಲುಸಾಲಾಗಿ ತಾಳೆ ನೋಡಿ. ಒಂದೇ ಬಡ್ಡಿ ಎರಡು ಸಲ ಬಂದಿದ್ದರೆ ಅಲ್ಲೇ ಆಕ್ಷೇಪ ದಾಖಲಿಸಿ. ರಿಟರ್ನ್ ಸಲ್ಲಿಸಲು ಕೊನೆಯ ದಿನ ಜುಲೈ 31. ಸಲ್ಲಿಸಿದ ಮೇಲೆ 30 ದಿನದೊಳಗೆ ಆಧಾರ್ ಒಟಿಪಿ ಹಾಕಿ ಇ-ವೆರಿಫೈ ಮಾಡದಿದ್ದರೆ ಆ ತಾರೀಕಿನ ಸಲ್ಲಿಕೆ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ರಿಫಂಡ್ ಮಂಜೂರಾದರೂ ಖಾತೆಗೆ ಬಂದಿಲ್ಲ. ಹಳೆಯ ಸಿಂಡಿಕೇಟ್ ಬ್ಯಾಂಕ್ ಖಾತೆ ಕೊಟ್ಟಿದ್ದೆ.
– ಓದುಗರು, ಉಡುಪಿ

ಉತ್ತರ: ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಹಳೆಯ ಐಎಫ್‌ಎಸ್‌ಸಿ ಈಗ ನಡೆಯುವುದಿಲ್ಲ. ಈಗಿನ ಪಾಸ್‌ಬುಕ್ಕಿನಲ್ಲಿರುವ ಐಎಫ್‌ಎಸ್‌ಸಿ ಹಾಕಿ ಪೋರ್ಟಲಿನಲ್ಲಿ ಖಾತೆಯನ್ನು ಮತ್ತೆ ಸೇರಿಸಿ, ವ್ಯಾಲಿಡೇಟ್ ಆಗುವವರೆಗೆ ಕಾಯಿರಿ. ಪ್ಯಾನ್‌ನಲ್ಲಿರುವ ಹೆಸರೇ ಖಾತೆಯಲ್ಲೂ ಇರಬೇಕು. ಇನಿಷಿಯಲ್ ವ್ಯತ್ಯಾಸಕ್ಕೂ ತಿರಸ್ಕಾರವಾಗುವುದುಂಟು. ಅದಾದ ಮೇಲೆ ರಿಫಂಡ್ ರೀಇಶ್ಯೂಗೆ ಕೋರಿಕೆ ಸಲ್ಲಿಸಿ.